ಚೀಟಿಯಲ್ಲಿ ಬಂದ ಮನೆ

ಕೆನಡಾದ ನೋವಾ ಸ್ಕೋಷಿಯಾದ ಒಂದು ಬಂದರೂರಿನಲ್ಲಿ ಮೀನುಗಾರ ಎಲ್ಡನ್‌ಗೆ ಮೂರು ವರ್ಷದಿಂದ ಉಬ್ಬಸ. ದೋಣಿ ಮಾರಿದ್ದಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ವಾರಕ್ಕೊಮ್ಮೆ ಬರುವ ನರ್ಸೇ ಆಸರೆ. ಈಗ ಆಕೆ ತಿಂಗಳಿಗೊಮ್ಮೆ ಬಂದರೆ ಸಾಲದೇ ಎಂಬ ಮಾತು ಹುಟ್ಟಿತ್ತು. ಊರಲ್ಲಿ ಉಬ್ಬಸದವರು ಎಷ್ಟಿದ್ದಾರೆ ನೋಡಿ ತೀರ್ಮಾನಿಸೋಣ ಎಂದಿದ್ದರು ಆರೋಗ್ಯ ಇಲಾಖೆಯ ಮೇಲಿನವರು.

ಅದಕ್ಕೇ ಆರೋಗ್ಯ ಕಾರ್ಯಕರ್ತೆ ಡಾರ್ಲಾ ಬಂದು ಬಾಗಿಲು ತಟ್ಟಿದಳು. ಊರಿನ ಮುನ್ನೂರು ಮನೆಗಳ ನಂಬರು ಚೀಟಿಗಳಲ್ಲಿ ಬರೆದು, ಕಣ್ಣು ಮುಚ್ಚಿ ಅರವತ್ತು ಚೀಟಿ ಎತ್ತಿದ್ದರು. ಇವರ ಮನೆಯೂ ಅದರಲ್ಲಿ ಬಂದಿತ್ತು.

ಎಲ್ಡನ್‌ನ ಹೆಂಡತಿ ವರ್ನಾ ಚಹಾ ಕೊಟ್ಟಳು, ಉತ್ತರ ಕೊಡಲಿಲ್ಲ. ಗಂಡನ ಕೆಮ್ಮು ಊರ ಬಾಯಿಗೆ ಬೀಳುವುದು ಅವಳಿಗೆ ಬೇಡವಾಗಿತ್ತು. ಪಟ್ಟಿಯಲ್ಲಿ ಹೆಸರು ಬರೆಯುವುದಿಲ್ಲ ಎಂದು ಡಾರ್ಲಾ ಹೇಳಿದರೂ ಮನಸ್ಸು ಒಪ್ಪಲಿಲ್ಲ.

"ಪಕ್ಕದ್ಮನೆ ಥೆಲ್ಮಾನ ಕೇಳು ತಾಯಿ, ಅವಳಿಗೆ ಮಾತಾಡೋಕೆ ಜನ ಬೇಕು. ಇಲ್ಲಾಂದ್ರೆ ಶನಿವಾರ ಚರ್ಚಲ್ಲಿ ಊರೆಲ್ಲಾ ಸೇರೋ ಬೀನ್ಸ್ ಊಟಕ್ಕೆ ಹೋಗು. ಒಂದೇ ಏಟಿಗೆ ನೂರು ಜನ ಸಿಗ್ತಾರೆ," ಎಂದಳು.

"ಊಟಕ್ಕೆ ಮಾಮ ಬರ್ತಾರಾ?"

ಚರ್ಚಿನ ಊಟದ ಮನೆಗೆ ಹದಿನಾಲ್ಕು ಮೆಟ್ಟಿಲು.

ಮೂಲೆಯಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸಿಗಡಿ ಹಿಡಿಯುವ, ಎಲ್ಡನ್‌ನ ಹಳೆಯ ಬೋನಿತ್ತು. ಅದರ ಪಕ್ಕೆಯಲ್ಲಿ ಈ ಕಿಂಡಿ ಯಾಕೆ ಎಂದು ಡಾರ್ಲಾ ಕೇಳಿದಳು.

"ಮರಿಗಳು ಆಚೆ ಹೋಗ್ಲಿ ಅಂತ. ಗೊತ್ತಿಲ್ದೇ ಇರೋ ಹಾಗೆ ಕೇಳ್ತೀಯಲ್ಲ," ಎಂದ ಎಲ್ಡನ್.

"ಬೋನು ಎತ್ತಿ ನೋಡಿ, ಸಮುದ್ರದಲ್ಲಿ ಮರಿಗಳೇ ಇಲ್ಲ ಅಂತ ಯಾರಾದ್ರೂ ಅಂದ್ರೆ?"

"ಅವನು ಪೇಟೆಯೋನು."

"ಚರ್ಚಿನ ಊಟಾನೂ ಕಿಂಡಿ ಇರೋ ಬೋನೇ ಮಾಮ. ಮೆಟ್ಟಿಲು ಹತ್ತೋಕಾಗದೋರು ಅದ್ರಲ್ಲಿ ಸಿಗಲ್ಲ. ಊರಲ್ಲಿ ಉಬ್ಬಸಾನೇ ಇಲ್ಲ ಅಂತ ಬರ್ಕೊಂಡು ಹೋಗ್ತೀನಿ. ಆಮೇಲೆ ನರ್ಸ್ ಯಾಕೆ ಬರ್ತಾಳೆ?"

ಚೀಟಿಗೆ ಗಟ್ಟಿಮುಟ್ಟಾದವರೂ ಗೊತ್ತಿಲ್ಲ, ಕೆಮ್ಮುವವರೂ ಗೊತ್ತಿಲ್ಲ. ಅದಕ್ಕೇ ಅದನ್ನು ನಂಬಬಹುದು ಎಂದು ಡಾರ್ಲಾ ಬಿಡಿಸಿ ಹೇಳಿದಳು. ಒಂದೊಂದು ಚೀಟಿ ಐದೈದು ಮನೆಗಳ ಪರವಾಗಿ ಮಾತಾಡುತ್ತದೆ. ಅದನ್ನು ಬಿಟ್ಟು ನಮಗೆ ಬೇಕಾದವರನ್ನು ಸೇರಿಸಿದರೆ ಲೆಕ್ಕ ಊರಿನದಾಗಿ ಉಳಿಯುವುದಿಲ್ಲ.

ವರ್ನಾ ಗಂಡನ ಮುಖ ನೋಡಿದಳು. ಅವನು ಉಸಿರು ಸುಧಾರಿಸಿಕೊಂಡು, "ನಾನೇನು ಮರಿಯೇನೆ, ಕಿಂಡೀಲಿ ನುಸುಳೋಕೆ? ಇರೋದು ಹೇಳು," ಎಂದ.

ಅವಳು ಕುರ್ಚಿ ಎಳೆದು ಕೂತಳು. ರಾತ್ರಿ ಅವನು ಎಷ್ಟು ಸಲ ಏಳುತ್ತಾನೆ ಎಂಬಲ್ಲಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಹೊರಟ ಡಾರ್ಲಾಗೆ, "ಥೆಲ್ಮಾ ಕೇಳಿದ್ರೆ ಚಹಾಕ್ಕೆ ಬಂದಿದ್ದೆ ಅನ್ನು," ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆ ಚೀಟಿಯಲ್ಲಿ ಬಂದರೆ ಪಕ್ಕದ ಮನೆ ತೋರಿಸಬೇಡಿ. ಕಾಯಿಲೆ ಇದ್ದರೂ ಹೇಳಿ, ಇಲ್ಲದಿದ್ದರೂ ಹೇಳಿ. ಮೆಟ್ಟಿಲು ಹತ್ತಲಾರದವರ ಬಳಿಗೆ ಪ್ರಶ್ನೆಯೇ ನಡೆದು ಬಂದಿದೆ. ಅದಕ್ಕೊಂದು ಕುರ್ಚಿ ಕೊಡಿ.