ಬಿಳಿ ಕಲ್ಲು, ಬೂದು ಕಲ್ಲು

ನೀರು ಬಿಳಿ ಕಲ್ಲಿನ ಮೇಲೆ ನಿಂತೇಬಿಟ್ಟಿತು, ಎಲ್ಲಿ ಕೂರಬೇಕೆಂದು ಯಾರೂ ಹೇಳದ ನೆಂಟರ ಹಾಗೆ ಹನಿ ಹನಿಯಾಗಿ, ಪಕ್ಕದ ಬೂದು ಕಲ್ಲಿಗೂ ಅಷ್ಟೇ ಹಾಕಿದೆ, ಅದು ಗಟಗಟ ಕುಡಿದು ಇನ್ನೂ ಇದೆಯಾ ಎಂಬಂತೆ ಒಣಗಿ ಕೂತಿತು — ಎರಡೂ ಮಸೆಗಲ್ಲುಗಳೇ, ಒರಟು ಸಾಣೆ ಮುಗಿದ ಮೇಲೆ ಚಾಕುವಿನ ಅಂಚಿಗೆ ಕೊನೆಯ ಹದ ಕೊಡುವಂಥವು, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಸಂಜೆ ಅಂಗಡಿಗೆ ವಾಪಸ್ಸು ಮಾಡಬೇಕು, ಒರಟು ಸಾಣೆಯನ್ನು ಅಂಗಡಿಯವಳೇ ಚಕ್ರಕ್ಕೆ ಹಿಡಿದು ಮಾಡಿಕೊಟ್ಟಳು, ಕೊನೆಯ ಕಲ್ಲು ಇವೆರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಎರಡೂ ಒಳ್ಳೇದೇ ಮೇಡಂ, ಇದು ಯಾಕೆ ಒಳ್ಳೆಯದು, ಇದು ಬೆಳ್ಳಗಿದೆಯಲ್ಲ ಮೇಡಂ, ಹಾಗಾದರೆ ಅದು, ಅದೂ ಒಳ್ಳೇದೇ, ಕೊಳೆ ಕಾಣಲ್ಲ ನೋಡಿ, ಇಷ್ಟು ಹೇಳಿ ಎರಡನ್ನೂ ಹಳೇ ಪೇಪರಿನಲ್ಲಿ ಸುತ್ತಿಕೊಟ್ಟಳು, ತೋರಿಸೋಕೆ ಇಟ್ಕೊಂಡಿರೋ ಕಲ್ಲು, ಮನೇಲಿ ನೋಡಿ, ಬೇಡದ್ದನ್ನ ತಂದ್ಕೊಡಿ, ಅವಳ ಅಜ್ಞಾನದಲ್ಲಿ ಒಂದು ಘನತೆಯಿತ್ತು, ಗೊತ್ತಿಲ್ಲದ್ದನ್ನು ಅಷ್ಟು ನಗುನಗುತ್ತಾ ಮಾರುವುದು ಎಲ್ಲರಿಗೂ ಬರುವುದಿಲ್ಲ — ಗಂಡ ಬರುವುದರೊಳಗೆ ಮುಗಿಯಬೇಕು, ತರಕಾರಿ ಹೆಚ್ಚುವ ಯಂತ್ರ ತರಲು ಹೋಗಿದ್ದಾರೆ, ತಂದ ಮೇಲೆ ಈ ಚಾಕು ನಾದಿನಿಯ ಮನೆಗೆ ಹೋಗುತ್ತದೆ, ತಂಗಿಗೆ ಕೊಟ್ಬಿಡೋಣ ಕಣೇ, ಕಣ್ಣೆದುರಿಗಿದ್ರೆ ನೀನು ಸುಮ್ನಿರಲ್ಲ, ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದ್ದು, ಎಷ್ಟು ಮೆತ್ತಗೆ ಹೇಳಿದರು ಅಂದರೆ ನಾನು ಹೂಂ ಅಂದುಬಿಟ್ಟಿದ್ದೆ, ಕಿತ್ತುಕೊಳ್ಳುವವರ ಹತ್ತಿರ ಜಗಳವಾಡಬಹುದು, ಅಕ್ಕರೆಯಿಂದ ಎತ್ತಿಡುವವರ ಹತ್ತಿರ ಹೇಗೆ ಆಡುವುದು, ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದಾಗಿನಿಂದ ಹೀಗೇ, ಮೊದಲು ಬಕೆಟ್ಟು ಹೋಯಿತು, ಆಮೇಲೆ ಇಸ್ತ್ರಿಪೆಟ್ಟಿಗೆ, ಪುಸ್ತಕದ ಬೈಂಡಿಂಗ್ ಕೆಲಸ, ಜಾಡಿಯ ಮುಚ್ಚಳ, ಒಂದೊಂದನ್ನೂ ನೀನು ಕೂತ್ಕೋ ಎನ್ನುತ್ತಾ ತೆಗೆದುಕೊಂಡರು, ಕೂತು ಕೂತು ಈ ಮನೆಯಲ್ಲಿ ನಾನೊಂದು ಫೋಟೋ ಆಗಿದ್ದೇನೆ, ಕಟ್ಟು ಹಾಕಿಸುವುದೊಂದು ಬಾಕಿ.

ಮೂಳೆ ಕೂಡಿತು, ಬಲ ಕೂಡಲಿಲ್ಲ, ಕೈಗೆ ವ್ಯಾಯಾಮ ಮಾಡಿಸುವಾಕೆ ನನ್ನ ಬೆರಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿ ಹೇಳಿದ್ದಳು, ಎಲ್ಲಾ ಮಾಡಿ ಆಂಟಿ, ಒತ್ತೋ ಕೆಲಸ ಮಾತ್ರ ಬೇಡ, ಇನ್ಮೇಲೆ ಯಾವತ್ತೂ ಬೇಡ, ಗಂಡ ಅದನ್ನು ಹೆಚ್ಚಬೇಡ ಎಂದು ಕೇಳಿಸಿಕೊಂಡರು, ನಾನು ಒತ್ತಬೇಡ ಎಂದಷ್ಟೇ ಕೇಳಿಸಿಕೊಂಡೆ, ಅಂದಿನಿಂದ ಅವರೇ ಹೆಚ್ಚುತ್ತಾರೆ, ಕಟ್ಟಿಗೆ ಸೀಳಿದ ಹಾಗೆ, ಅತ್ತೆಗೆ ಉಳಿದಿರುವುದು ಎದುರಿನ ನಾಲ್ಕಾರು ಹಲ್ಲು, ಈರುಳ್ಳಿಯ ತುಂಡೊಂದನ್ನು ಎತ್ತಿ ಹಿಡಿದು ಇದನ್ನ ತಿನ್ಬೇಕೇನೋ, ಬಾಗಿಲಿಗೆ ಅಡ್ಡ ಕೊಡ್ಬೇಕೇನೋ ಎಂದು ಮಗನನ್ನು ಕೇಳಿದರು, ಅದಕ್ಕೇ ಯಂತ್ರ, ಯಂತ್ರಕ್ಕಾದರೂ ಅತ್ತೆಯ ಮಾತು ತಾಕುವುದಿಲ್ಲ — ಒತ್ತಬಾರದು ನಿಜ, ಒತ್ತದೆಯೇ ಇಳಿಯುವ ಚಾಕು ಆದರೆ? ಬಿಳಿ ಕಲ್ಲಿನ ಮೇಲೆ ಅಲಗನ್ನು ಒರಗಿಸಿ ಎಡಗೈಯ ಎರಡು ಬೆರಳನ್ನು ಮೇಲಿಟ್ಟು ಎಳೆದೆ, ಭಾರ ಬಿಡಬೇಕಿಲ್ಲ, ಈ ಕಲ್ಲಿಗೆ ಚಾಕುವಿನ ತೂಕವೇ ಸಾಕು, ಸದ್ದೇ ಇಲ್ಲ, ಗಾಜಿನ ಮೇಲೆ ಗಾಜು, ಇದೇ ಸರಿ, ಇದರಲ್ಲಿ ಕೇಳುವುದೇನಿದೆ, ಬೈಂಡಿಂಗ್ ಮನೆಯಲ್ಲಿ ಚರ್ಮವನ್ನು ತೆಳ್ಳಗೆ ಸವರುವ ಚಾಕುವನ್ನು ಹೀಗೆಯೇ ಕನ್ನಡಿ ಮಾಡುತ್ತಿದ್ದೆವು, ಅದರಲ್ಲಿ ನೋಡಿಕೊಂಡು ಹಲ್ಲಿಗೆ ಸಿಕ್ಕ ಸೊಪ್ಪು ತೆಗೆಯಬಹುದಿತ್ತು, ರಟ್ಟಿಗೆ ಮಡಿಸುವ ಚರ್ಮದ ಅಂಚನ್ನು ಸವರಿ ಸವರಿ ಕೊನೆಗೆ ಅದರಾಚೆಯ ಕಿಟಕಿ ಕಾಣುವವರೆಗೆ, ಆಗ ಹೊಲಿಯುತ್ತಾ ಕೈಗೆ ಬಂದ ಪುಟವನ್ನು ಓದುತ್ತಿದ್ದೆ, ಹಾಗಾಗಿ ನನಗೆ ಗೊತ್ತಿರುವ ಕಾದಂಬರಿಗಳಲ್ಲಿ ಯಾರೂ ಹುಟ್ಟುವುದಿಲ್ಲ, ಯಾರೂ ಸಾಯುವುದಿಲ್ಲ, ಎಲ್ಲರೂ ಯಾವುದೋ ಮಾತಿನ ನಡುವೆ ಇರುತ್ತಾರೆ — ಅಂಚನ್ನು ನೇರ ಕಣ್ಣಿಗೆ ಹಿಡಿದೆ, ಮೊಂಡಾಗಿದ್ದರೆ ಅಲ್ಲಿ ಬೆಳಕಿನ ಬಿಳಿ ನೂಲು ಕಾಣುತ್ತದೆ, ಕಾಣಲಿಲ್ಲ, ಏನೂ ಕಾಣಲಿಲ್ಲ, ಎರಡು ಬದಿಯ ಉಕ್ಕು ಬಂದು ಸೇರುವಲ್ಲಿ ಉಕ್ಕೇ ಇಲ್ಲ, ಇಷ್ಟು ವರ್ಷ ಕೈಯಲ್ಲಿ ಹಿಡಿದದ್ದು ಒಂದು ವಸ್ತು ಮುಗಿಯುವ ಜಾಗವನ್ನು, ಅಂಚಿಗೆ ಒಂದು ಕಾಗದ ತೋರಿಸಿದ್ದಷ್ಟೇ, ಎರಡಾಗಿ ನೆಲಕ್ಕೆ ಬಿತ್ತು, ಹಾಗಾದರೆ ಟೊಮೆಟೊ ಯಾವ ಲೆಕ್ಕ ಎಂದು ಇಟ್ಟೆ, ಎಳೆದೆ, ಜಾರಿತು.

ಜಾರಿತು, ಮತ್ತೆ ಎಳೆದೆ, ಹಣ್ಣಿನ ಹೊಟ್ಟೆ ಒಳಗೆ ತಗ್ಗಿ ಮತ್ತೆ ಉಬ್ಬಿತು, ಮೇಲೆ ಒಂದು ಗೀರೂ ಇಲ್ಲ, ಕೈ ತನ್ನ ಹಳೇ ಬುದ್ಧಿಗೆ ಒತ್ತಿತು, ಮಣಿಕಟ್ಟಿನಿಂದ ಮೊಣಕೈವರೆಗೆ ಕಾದ ತಂತಿ ಎಳೆದ ಹಾಗೆ — ಚಾಕು ಕೆಳಗಿಟ್ಟು ಗೋಡೆಗೆ ಹಣೆ ಆನಿಸಿ ನಿಂತೆ, ಹೋಯಿತು, ನಾದಿನಿಯ ಮನೆಗೇ ಹೋಯಿತು, ಯಂತ್ರದ ಗುಂಡಿ ಯಾವುದು ಅಂತ ಕಲಿತರಾಯಿತು, ಟೊಮೆಟೊ ಹೊಳೆಯುತ್ತಾ ಕೂತಿದೆ, ಚಾಕುವೂ ಹೊಳೆಯುತ್ತಿದೆ, ಒಂದನ್ನೊಂದು ಮೀರಿಸಿ, ಇಬ್ಬರೂ ಒಂದೇ ಥರ ನುಣುಪು, ಇಬ್ಬರೂ ಒಂದೇ ಥರ — ಥೂ, ಚರ್ಮ ಸವರಿದವಳ ಬುದ್ಧಿ ಚರ್ಮದ್ದೇ, ಅಲ್ಲಿ ಚಾಕು ಒಳಗೆ ಇಳಿದೇ ಕೆಲಸ ಶುರುಮಾಡುತ್ತದೆ, ಒಣ ಚರ್ಮ ಅದನ್ನು ಹಿಡಿದುಕೊಳ್ಳುತ್ತದೆ, ಇಲ್ಲಿ ಬಿಗಿದ ಒದ್ದೆ ಸಿಪ್ಪೆ, ಮೊದಲ ಕಚ್ಚು ಬೇಕು, ಕನ್ನಡಿಗೆ ಹಲ್ಲೆಲ್ಲಿದೆ, ಬೂದು ಕಲ್ಲಿಗೆ ಇನ್ನಷ್ಟು ನೀರು ಕುಡಿಸಿ ಎಳೆದೆ, ಸೊರ್ ಸೊರ್ ಎಂದಿತು, ಬೂದಿಯಂಥ ಕೆಸರು ಎದ್ದಿತು, ಕಲ್ಲೂ ಉಕ್ಕೂ ಯಾವುದು ಯಾವುದೆಂದು ತಿಳಿಯದ ಹಾಗೆ ಸೇರಿಕೊಂಡ ಕೆಸರು, ನಡುಮನೆಯಿಂದ ಅತ್ತೆ ಅದೇನೇ ಸದ್ದು, ಇಲಿನಾ, ಅಲ್ಲತ್ತೆ ನಾನು, ಇಲಿಯಾಗಿದ್ರೆ ಓಡಿಸಬಹುದಿತ್ತು ಎಂದರು, ಅಂಚಿನ ಹೊಳಪು ಹೋಯಿತು, ಕನ್ನಡಿಗೆ ಉಸಿರು ಊದಿದ ಹಾಗೆ ಮಸುಕು, ಬೈಂಡಿಂಗ್ ಮನೆಯಲ್ಲಾಗಿದ್ದರೆ ಇದನ್ನು ಹಿಡಿದುಕೊಂಡು ಮುಖ ತೋರಿಸುವ ಹಾಗಿರಲಿಲ್ಲ, ಹೆಬ್ಬೆರಳ ತುದಿಯನ್ನು ಅಡ್ಡಡ್ಡ ತಾಕಿಸಿದೆ, ತಾಕಿಸಿದ್ದೇ ತಡ ಅದು ನನ್ನ ಬೆರಳಚ್ಚಿನ ಗೆರೆಗಳನ್ನು ಒಂದೊಂದಾಗಿ ಓದಿತು, ಕಣ್ಣಿಗೆ ಬೀಳದಷ್ಟು ಚಿಕ್ಕ ಹಲ್ಲುಗಳು, ಸಾಲಾಗಿ, ಹಿಡಿಯಿಂದ ಮೊನೆಯವರೆಗೆ, ಎಲ್ಲವೂ ಎಚ್ಚರ.

ಬಾಗಿಲ ಬೀಗ ತಿರುಗಿತು, ಬಂದರು, ಹಜಾರದಲ್ಲಿ ಪೆಟ್ಟಿಗೆ ಇಳಿಸಿದ ಸದ್ದು, ಯಂತ್ರ ತಂದೆ ಕಣೇ, ಮೂರು ಥರ ಬ್ಲೇಡಂತೆ ಎನ್ನುತ್ತಾ ಅಡುಗೆಮನೆಗೆ ಬಂದು ನನ್ನ ಕೈಯಲ್ಲಿ ಚಾಕು ಕಂಡು ನಿಂತರು, ಒತ್ತಬೇಡ, ಒತ್ತಬೇಡ ಕಣೇ, ಅವರ ದನಿಯಲ್ಲಿ ಭಯ, ಆ ಭಯವೇ ಇಷ್ಟು ದಿನ ನನ್ನ ಕೈಯಿಂದ ಒಂದೊಂದನ್ನೂ ತೆಗೆದದ್ದು, ಒತ್ತಲ್ಲ ರೀ, ಅಲ್ಲೇ ನಿಂತು ನೋಡಿ ಎಂದೆ, ಅಲಗನ್ನು ಟೊಮೆಟೊ ಮೇಲೆ ಇಟ್ಟೆ, ಹಿಡಿಯನ್ನು ಬಿಗಿಯಾಗಿ ಹಿಡಿಯಲಿಲ್ಲ, ಮಲಗಿದ ಮಗುವಿನ ಮೇಲೆ ಕೈಯಿಟ್ಟಂತೆ ಸುಮ್ಮನೆ ಬೆರಳಿಟ್ಟೆ, ತುಸುವೇ ಎಳೆದೆ — ಸಿಪ್ಪೆ ತಗ್ಗಲಿಲ್ಲ, ತೆರೆಯಿತು, ಚಾಕು ತಾನಾಗಿ ಇಳಿಯಿತು, ತನ್ನ ತೂಕಕ್ಕೆ ತಾನೇ, ಹಲಗೆ ಮುಟ್ಟಿದ್ದು ಕಿವಿಗೆ ಮೊದಲು ತಿಳಿಯಿತು, ಕೈಗೆ ಏನೂ ತಿಳಿಯಲಿಲ್ಲ, ಏನೂ ನೋಯಲಿಲ್ಲ, ಮತ್ತೆ ಎಳೆದೆ, ತೆಳ್ಳನೆ ಬಿಲ್ಲೆಯೊಂದು ಬಿತ್ತು, ಅತ್ತೆ ಯಾವಾಗ ಎದ್ದು ಬಂದರೋ, ಅದನ್ನು ಎತ್ತಿ ಕಿಟಕಿಗೆ ಹಿಡಿದಿದ್ದಾರೆ, ಅದರಾಚೆ ಎದುರು ಮನೆಯ ಗೋಡೆ ಕೆಂಪಗೆ ಕಾಣುತ್ತಿದೆ, ಇದು ತಿನ್ನೋದು ಎಂದು ಮಗನಿಗೆ ಹೇಳಿ ಬಾಯಿಗಿಟ್ಟುಕೊಂಡರು, ಎರಡು ಕಲ್ಲಿನಲ್ಲಿ ಒಂದು ಸಂಜೆ ಅಂಗಡಿಗೆ ವಾಪಸ್ಸು ಎಂದೆ, ಗಂಡ ಏನೋ ಕೇಳುತ್ತಿದ್ದಾರೆ, ಬೂದು ಕಲ್ಲನ್ನ ಇಟ್ಕೊಳ್ಳೋದಾ, ನಾನೇ ಹೋಗಿ ಬಿಳಿದನ್ನ ಕೊಟ್ಟು ಬರ್ಲಾ, ಪೆಟ್ಟಿಗೇನೂ ಕೊಟ್ಟು ಬರ್ತೀನಿ ಬಿಡು, ಹೇಳುತ್ತೇನೆ, ಆಮೇಲೆ ಹೇಳುತ್ತೇನೆ, ಇನ್ನೊಂದು ಹಣ್ಣು ಇಟ್ಟೆ, ಬೆರಳಿಟ್ಟೆ, ಸಿಪ್ಪೆಯ ಮೇಲೆ ಕೂದಲೆಳೆಯ ಗೆರೆ, ಗೆರೆ ತೆರೆಯಿತು, ಚಾಕು ಇಳಿಯಿತು, ಮತ್ತೊಂದು ಗೆರೆ, ತೆರೆಯಿತು, ಇಳಿಯಿತು, ಕೈ ಸುಮ್ಮನಿದೆ, ಗೆರೆ ತೆರೆಯುತ್ತದೆ —