ಚಿಕ್ಕಮ್ಮನ ಬರಿದೋಳು

ನಿಮ್ಮ ಓಣಿಯಲ್ಲೂ ಹೀಗಾಗಿದೆಯೇ? ನಿನ್ನೆ ಬೇಲಿಯಾಚೆ ನಿಂತು ನಗುತ್ತಾ ಮಾತಾಡಿದವರು ಇವತ್ತು ಇಲ್ಲ. ಜಾರ್ಜಿಯಾ ರಾಜ್ಯದ ನಮ್ಮ ಪುಟ್ಟ ಊರಿನಲ್ಲಿ "ದೇವರು ಕರ್ಕೊಂಡ" ಎಂದು ಸುಮ್ಮನಾಗುತ್ತಿದ್ದೆವು. ನಾನು ಚಿಕ್ಕವಳಿದ್ದಾಗ ಅಮ್ಮ ತೀರಿಹೋದಾಗಲೂ ಹಾಗೇ ಅಂದುಕೊಂಡೆ. ಅದು ರಕ್ತದೊತ್ತಡ ಎಂದು ಎಷ್ಟೋ ವರ್ಷದ ಮೇಲೆ ತಿಳಿಸಿದವಳು ಗೆಳತಿ ಇಮೋಜೀನ್. ಅವಳು ನರ್ಸ್.

ಅದು ತಿಳಿದ ಬೇಸಿಗೆಯಲ್ಲೇ ಕಾಲೇಜು ಓದಿ ಬಂದ ನಾವು ಕೆಲವು ಕಪ್ಪು ಹೆಣ್ಣುಮಕ್ಕಳು ಊರಿನಲ್ಲೇ ಪದವೀಧರೆಯರ ಸೋದರಿ ಸಂಘದ ಶಾಖೆ ತೆರೆದೆವು. ಬಿಳಿ ಉಡುಪು ತೊಟ್ಟು, ಮೇಣದಬತ್ತಿ ಹಿಡಿದು, ಊರಿನ ಸೇವೆ ಮಾಡುತ್ತೇವೆಂದು ಪ್ರಮಾಣ ಮಾಡಿದ ಆ ಸಂಜೆ ನನಗೆ ಇಂದಿಗೂ ಕನಸಿನಂತಿದೆ.

ನನ್ನನ್ನು ಸಾಕಿದ ಹೇಝಲ್ಟೀನ್ ಚಿಕ್ಕಮ್ಮನಿಗೆ ಮಾತ್ರ ನಗು.

"ಓದಿದೋರು ಮುತ್ತಿನ ಸರ ಹಾಕ್ಕೊಂಡು ಚಹಾ ಕುಡಿಯೋಕೆ ಒಂದು ಸಂಘ ಬೇರೆ ಕೇಡು!"

ಭಾನುವಾರ ಚರ್ಚು ಬಿಟ್ಟ ಮೇಲೆ ಮರದಡಿ ಮೇಜು ಹಾಕಿ, ಒತ್ತಡ ನೋಡುವ ಯಂತ್ರ ಇಟ್ಟು ಕೂತೆವು. ನರಪಿಳ್ಳೆಯೂ ಹತ್ತಿರ ಬರಲಿಲ್ಲ.

"ಬಿಗಿ ತೋಳಿನ ಅಂಗಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಪಾದ್ರಿ ಮುಂದೆ ಮಡಚ್ಲಾ?" ಎಂದಳು ಚಿಕ್ಕಮ್ಮ. "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ."

"ಅಮ್ಮನೂ ಹಾಗೇ ಅಂತಿದ್ಲು, ಚಿಕ್ಕಮ್ಮಾ."

ಅವಳು ಟೋಪಿ ಸರಿಮಾಡಿಕೊಂಡು ನಡೆದುಬಿಟ್ಟಳು. ನನಗೆ ಉಳಿದಿದ್ದವಳು ಅವಳೊಬ್ಬಳೇ.

ಮುಂದಿನ ಶನಿವಾರ ಸಂಜೆ ಎಂದಿನಂತೆ ಅಡುಗೆಮನೆಯಲ್ಲಿ ಅವಳ ತಲೆ ಬಾಚುತ್ತಿದ್ದೆ. ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಕಾಯುತ್ತಿತ್ತು. ರೇಡಿಯೋದಲ್ಲಿ ಭಜನೆ, ಗೆಣಸು ಬೇಯುವ ಘಮ, ಕಿಟಕಿಯಲ್ಲಿ ಕೆಂಪು ಬೆಳಕು. ಬಿಸಿ ಬಾಚಣಿಗೆಯಲ್ಲಿ ಗುಂಗುರು ಕೂದಲು ಎಳೆ ಎಳೆಯಾಗಿ ನೇರವಾಗುತ್ತಿತ್ತು. ಚಿಕ್ಕಮ್ಮ ಒಳಲಂಗದಲ್ಲಿ, ಹೆಗಲಿಗೆ ಟವೆಲ್ಲು ಹೊದ್ದು ತೂಕಡಿಸುತ್ತಿದ್ದಳು. ಆಗ ಅವಳ ತೋಳು ಕಣ್ಣಿಗೆ ಬಿತ್ತು. ಬರಿದೋಳು! ಭಾನುವಾರಕ್ಕೆ ತಲೆ ಬಾಚಿಸಿಕೊಳ್ಳಲು ಊರಿನ ಹೆಂಗಸರೆಲ್ಲ ಈ ಹೊತ್ತಿನಲ್ಲಿ ಹೀಗೇ ಕೂತಿರುತ್ತಾರಲ್ಲ! ಯಂತ್ರ ತಗೊಂಡು ಬಾ ಎಂದು ಪಕ್ಕದ ಮನೆಯ ಇಮೋಜೀನಳನ್ನು ಕೂಗಿದೆ.

"ಅರ್ಧ ತಲೆ ನೆಟ್ಟಗೆ, ಅರ್ಧ ಗುಂಗುರು. ಎಲ್ಲಿಗೆ ಓಡ್ಲಿ? ನೋಡ್ಕೊಳ್ರೇ, ಮಾಟಗಾತೀರಾ!" ಎಂದು ತೋಳು ಚಾಚಿದಳು ಚಿಕ್ಕಮ್ಮ.

ಇಮೋಜೀನ್ ಒಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು. "ಅಮ್ಮಾ, ಒತ್ತಡ ತುಂಬಾ ಏರಿದೆ, ಈಗ್ಲೇ ಡಾಕ್ಟರ ಹತ್ರ ಹೋಗೋಣ."

"ನೋವೇ ಇಲ್ವಲ್ಲೇ?"

"ನಿಮ್ಮಕ್ಕಂಗೂ ಇರ್ಲಿಲ್ಲ. ಇದು ಸದ್ದು ಮಾಡಿ ಬರೋ ಕಾಯಿಲೆ ಅಲ್ಲ."

ಚಿಕ್ಕಮ್ಮ ಎದ್ದು ಅಂಗಿ ತೊಟ್ಟಳು. ಜನರ ಮುಂದೆ ತೋಳು ಮಡಚಲು ನಾಚಿದವಳು ಅರ್ಧ ಬಾಚಿದ ತಲೆಯಲ್ಲೇ ಊರ ನಡುವೆ ನಡೆದು ಹೋದಳು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಈಗ ಅವಳು ದಿನಾ ಮಾತ್ರೆ ನುಂಗುತ್ತಾಳೆ, ಸೊಪ್ಪಿಗೆ ಉಪ್ಪಿನಲ್ಲಿಟ್ಟ ಹಂದಿಮಾಂಸ ಹಾಕುವುದನ್ನು ಗೊಣಗುತ್ತಲೇ ಬಿಟ್ಟಿದ್ದಾಳೆ. ಶನಿವಾರ ಸಂಜೆ ನಮ್ಮ ಸಂಘ ಅಡುಗೆಮನೆಯಿಂದ ಅಡುಗೆಮನೆಗೆ ಹೋಗುತ್ತದೆ. ಮುಂದೆ ನಡೆಯುವವಳು ಚಿಕ್ಕಮ್ಮನೇ. "ತೋಳು ಕೊಡೇ, ಚಹಾ ಕುಡಿಯೋ ಸಂಘದೋರು ಬಂದಿದ್ದೀವಿ!" ಎಂದು ಬಾಗಿಲಲ್ಲೇ ಕೂಗುತ್ತಾಳೆ.

ಅಕ್ಕತಂಗಿಯರೇ, ನೋವಿಲ್ಲವೆಂದು ಸುಮ್ಮನಿರಬೇಡಿ, ಒತ್ತಡ ನೋಡಿಸಿಕೊಳ್ಳಿ. ನೀವು ನಾಲ್ಕಕ್ಷರ ಕಲಿತವರಾದರೆ ಜೊತೆಯವರನ್ನು ಕೂಡಿಸಿ ಒಂದು ಸಂಘ ಕಟ್ಟಿ. ಆದರೆ ಮೇಜು ಹಾಕಿ ಕಾಯುತ್ತಾ ಕೂರಬೇಡಿ. ನಿಮ್ಮನ್ನು ಸಾಕಿದವಳು ಯಾವ ಹೊತ್ತಿಗೆ ಎಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾಳೋ, ಅಲ್ಲಿಗೇ ಹೋಗಿ ಅವಳ ಕೈ ಹಿಡಿಯಿರಿ.