ಒಂಬತ್ತನೆಯ ಅಂಕಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಮ್ಮ ಪ್ರಯೋಗಾಲಯದಲ್ಲಿ ಆ ಎಮ್ಮೆ ನಾನೇ. ಯಂತ್ರ ಕಟ್ಟಿದವಳು ನನ್ನ ಹೆಂಡತಿ, ಅದರ ತಳದ ಕನ್ನಡಿ ಉಜ್ಜಿದವನು ನಾನು. ಗಾಳಿ ತೆಗೆದ ಕೊಳವೆಯೊಳಗೆ ಪರಮಾಣುಗಳ ಚಿಕ್ಕ ಮೋಡವೊಂದನ್ನು ಲೇಸರಿನಿಂದ ತಣ್ಣಗೆ ಮಾಡಿ ಕೆಳಗೆ ಬಿಡುತ್ತಾಳೆ. ಅದು ಬೀಳುವ ಪರಿಯನ್ನು ಅಳೆಯುವ ಬೆಳಕು ನನ್ನ ಕನ್ನಡಿಗೆ ಬಡಿದು ವಾಪಸಾಗಬೇಕು. ಭೂಮಿ ಎಷ್ಟು ಜೋರಾಗಿ ಎಳೆಯುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ. ಬೇರೆ ಊರುಗಳ ಯಂತ್ರಗಳನ್ನೆಲ್ಲ ಮುಂದೆ ನಮ್ಮದಕ್ಕೆ ಹೋಲಿಸಿ ಸರಿಪಡಿಸುವ ಯೋಜನೆ.

ಅವಳ ಗುರುಗಳು ಹಿಂದೆ ಇದೇ ಕೋಣೆಯಲ್ಲಿ, ತಮ್ಮ ಹಳೆಯ ಯಂತ್ರದಿಂದ ಅಳೆದಿಟ್ಟ ಅಂಕಿಯೊಂದಿತ್ತು. ಅದಕ್ಕೂ ನಮ್ಮದಕ್ಕೂ ಒಂಬತ್ತನೆಯ ಸ್ಥಾನದಲ್ಲಿ ಹೊಂದಲಿಲ್ಲ. ನಮ್ಮದು ತುಸು ಕಡಿಮೆ.

"ಕನ್ನಡಿದೇ ತಪ್ಪು," ಎಂದರು ಗುರುಗಳು.

"ಕನ್ನಡಿ ಸರಿ ಇದೆ ಸಾರ್. ಬೇರೆ ಏನಾದ್ರೂ ಇರಬಹುದು, ಕೋಣೆನೂ ಒಂದ್ಸಲ ನೋಡಿ," ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಕ್ಕರು. ಹೆಂಡತಿಯೂ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಮನೆಯಲ್ಲೂ ಅದೇ ರಾಗ. "ರೀ, ಇನ್ನೊಂಚೂರು ಉಜ್ಜಿ ನೋಡಿ. ನಿಮ್ಮ ಗಂಟೇನು ಹೋಗುತ್ತೆ?"

"ಸರಿಯಾಗಿರೋದನ್ನ ಉಜ್ಜಿದ್ರೆ ಕೆಡುತ್ತೆ ಕಣೇ."

ಅವಳು ಬಿಡಲಿಲ್ಲ. ಬೇಸತ್ತು ಉಜ್ಜಿದೆ. ಕೂರಿಸಿ ನೋಡಿದರೆ ಕೊರತೆ ತಗ್ಗಿತ್ತು. ಮತ್ತೆ ಉಜ್ಜಿದೆ, ಮತ್ತೆ ಕೂರಿಸಿದೆ. ಕೊನೆಗೆ ಅಂಕಿ ಹೊಂದಿತು. ಹೊಂದಿದ ಮೇಲೆ ತಪ್ಪು ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಗುರುಗಳು ಬಂದು ಬೆನ್ನು ತಟ್ಟಿದರು. ಅಷ್ಟು ದಿನದ ನನ್ನ ಕೈಕೆಲಸ ಸುಳ್ಳಾಗಿತ್ತೆಂದು ನಾನೂ ನಂಬಿಬಿಟ್ಟೆ.

ಹೋಲಿಕೆಗೆಂದು ಯಂತ್ರವನ್ನು ಬೇರೆ ಊರಿಗೆ ಒಯ್ಯಲು ಲಾರಿ ಬಂದ ದಿನ, ದಾರಿ ಬಿಡಿಸಲೆಂದು ಗೋಡೆಯ ಕಪಾಟು ಸರಿಸಿದೆವು. ಅದರಡಿ ಟೈಲ್ಸ್ ಇರಲಿಲ್ಲ. ಎರಡು ಸೆಂಟಿಮೀಟರ್ ತಗ್ಗಿನಲ್ಲಿ ಹಳೆಯ ಸಿಮೆಂಟು ನೆಲ ಕಾಣುತ್ತಿತ್ತು. ಗುರುಗಳ ಯಂತ್ರ ನಿಂತಿದ್ದು ಆ ನೆಲದ ಮೇಲೆ, ಟೈಲ್ಸ್ ಹಾಕಿಸಿದ್ದು ಆಮೇಲೆ. ಅವರೂ ನಾವೂ ಎತ್ತರವನ್ನು ನೆಲದಿಂದಲೇ ಅಳೆದಿದ್ದೆವು. ನೆಲವೇ ಮೇಲೆ ಬಂದಿದೆಯೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಮೇಲೆ ಹೋದಷ್ಟೂ ಭೂಮಿಯ ಸೆಳೆತ ಕಡಿಮೆ, ಇದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ.

ಹೆಂಡತಿ ಅಲ್ಲೇ ಕುಕ್ಕರಗಾಲಲ್ಲಿ ಕೂತು ಲೆಕ್ಕ ಹಾಕಿದಳು. ನಮಗೆ ಬಿದ್ದ ಕೊರತೆ ಸರಿಯಾಗಿ ಅಷ್ಟೇ.

"ಹಾಗಾದ್ರೆ ನಮ್ಮ ಮೊದಲನೇ ಅಂಕಿನೇ ಸರಿ," ಎಂದಳು.

"ಹೂಂ."

"ನಿಮ್ಮ ಕನ್ನಡಿನೂ ಸರಿಯಾಗೇ ಇತ್ತು."

"ಇತ್ತು. ಈಗಿಲ್ಲ."

ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದೇ ನನಗೆ ತಿಳಿಯಲಿಲ್ಲ. ಆಮೇಲೆ ಅವಳೇ ಮೆಲ್ಲಗೆ, "ರೀ, ಮತ್ತೆ ಉಜ್ಜಿಬಿಡಿ. ಆ ಮೊದಲನೇ ಅಂಕಿ ಬರೋ ತನಕ," ಎಂದಳು.

"ಅಂಕಿ ಬರೋ ತನಕ ಉಜ್ಜೋದಾದ್ರೆ ಬೇರೆ ಯಾರನ್ನಾದ್ರೂ ನೋಡ್ಕೋ," ಎಂದೆ. "ಕನ್ನಡಿ ಸರಿಹೋಗೋ ತನಕ ಅಂದ್ರೆ ಉಜ್ಜಿಕೊಡ್ತೀನಿ."

ಅವಳ ಮುಖ ಕೆಂಪಾಯಿತು. "ಅದಕ್ಕೆಷ್ಟು ದಿನ ಬೇಕು?"

"ಮೊದಲ ಸಲ ಎಷ್ಟು ಹಿಡೀತೋ ಅಷ್ಟು. ಎರಡು ವರ್ಷ."

ಅವಳು ಎದ್ದು, ಕೈಯ ಧೂಳು ಕೊಡವಿಕೊಂಡು, ಲಾರಿಯವನನ್ನು ಖಾಲಿ ಕಳಿಸಲು ಹೊರಗೆ ಹೋದಳು.